ಫೋನ್ ಟಾರ್ಚ್ ಉರಿಯುತ್ತಿಲ್ಲವೇ? ಮೊದಲು ಕ್ಯಾಮೆರಾ ತೆರೆಯಿರಿ

ಪಂಪ್‌ಸೆಟ್‌ಗೆ ರಾತ್ರಿ ಪಾಳಿಯಲ್ಲಿ ತ್ರೀಫೇಸ್ ಕರೆಂಟ್ ಕೊಡುವ ಊರುಗಳಲ್ಲಿ ಮೋಟರ್ ಹಾಕಲು ಹೊಲಕ್ಕೆ ಹೊರಟವರ ಕೈಯಲ್ಲಿ ಈಗ ಹೆಚ್ಚಾಗಿ ಇರುವುದು ಫೋನು. ಬದುವಿನ ಮೇಲೆ ಹಾವಿದೆಯೇ ಎಂದು ನೋಡುವುದು ಅದರ ಬೆಳಕಿನಲ್ಲೇ. ಕರೆಂಟು ಹೋದ ಹೊತ್ತಿನಲ್ಲಿ ಮೆಟ್ಟಿಲಿಳಿಯುವ ಹಿರಿಯರಿಗೂ, ದೀಪವಿಲ್ಲದ ಓಣಿಯಲ್ಲಿ ಟ್ಯೂಷನ್ ಮುಗಿಸಿ ಬರುವ ಮಕ್ಕಳಿಗೂ ಅದೇ ದಾರಿದೀಪ. ಅದು ಕೈಕೊಟ್ಟರೆ ಸಣ್ಣ ತೊಂದರೆಯೇನಲ್ಲ. ಟಾರ್ಚ್ ಹೋಯಿತೆಂದು ಅಂಗಡಿಗೆ ಹೋದರೆ ಎಷ್ಟೋ ಕಡೆ ಸಿಗುವ ಮೊದಲ ಉತ್ತರ, ‘ಸಾಫ್ಟ್‌ವೇರ್ ಹೊಡೀಬೇಕು ಸಾರ್, ಡೇಟಾ ಎಲ್ಲ ಹೋಗುತ್ತೆ’ ಎಂಬುದು. ಆ ಮಾತಿಗೆ ತಲೆಯಾಡಿಸುವ ಮುಂಚೆ ಮನೆಯಲ್ಲೇ ಕೂತು ಮಾಡಬಹುದಾದ ಪರೀಕ್ಷೆಗಳಿವೆ. ಕಾಸು ಖರ್ಚಿಲ್ಲ, ಸ್ಕ್ರೂಡ್ರೈವರ್ ಬೇಕಿಲ್ಲ.

2003ರಲ್ಲಿ ಬಂದ ನೋಕಿಯಾ 1100 ಬಳಸಿದವರಿಗೆ ನೆನಪಿರುತ್ತದೆ, ಅದರ ನೆತ್ತಿಯ ಮೇಲೆ ಒಂದು ಪುಟ್ಟ ದೀಪವಿತ್ತು. ಕ್ಯಾಮೆರಾನೇ ಇರದ ಆ ಫೋನಿನಲ್ಲಿ ದೀಪಕ್ಕೆ ಇದ್ದದ್ದು ಬೆಳಕು ಕೊಡುವ ಕೆಲಸವೊಂದೇ. ಈಗಿನ ಸ್ಮಾರ್ಟ್‌ಫೋನಿನಲ್ಲಿ ಟಾರ್ಚ್ ಎಂಬ ಬೇರೆ ಬಲ್ಬೇ ಇಲ್ಲ. ಫೋಟೊ ತೆಗೆಯುವಾಗ ಫಳ್ ಎಂದು ಮಿಂಚುವ ಕ್ಯಾಮೆರಾ ಫ್ಲ್ಯಾಶನ್ನೇ ಕಡಿಮೆ ಕರೆಂಟಿನಲ್ಲಿ ಸತತವಾಗಿ ಉರಿಸಿ ಟಾರ್ಚ್ ಮಾಡಿದ್ದಾರೆ. ಹಾಗಾಗಿ ದೀಪದ ಯಜಮಾನಿಕೆ ಕ್ಯಾಮೆರಾದ್ದು, ಟಾರ್ಚ್ ಅದನ್ನು ಬಿಡುವಿದ್ದಾಗ ಬಳಸಿಕೊಳ್ಳುತ್ತದೆ. ಟಾರ್ಚ್ ಸಮಸ್ಯೆಗಳ ದೊಡ್ಡ ಪಾಲು ಈ ಒಂದು ಸಂಗತಿಯಿಂದಲೇ ಅರ್ಥವಾಗುತ್ತದೆ.

ಆದ್ದರಿಂದ ಮೊದಲ ಪರೀಕ್ಷೆ ಕ್ಯಾಮೆರಾದ್ದು. ಕ್ಯಾಮೆರಾ ಆಪ್ ತೆರೆದು ಹಿಂಬದಿಯ ಕ್ಯಾಮೆರಾ ಆರಿಸಿ. ನೈಟ್ ಮೋಡ್, ಪನೋರಮಾ, ಪ್ರೊ ಇವೆಲ್ಲ ಬೇಡ, ಮಾಮೂಲಿ ಫೋಟೊ ಮೋಡ್ ಇರಲಿ. ಫ್ಲ್ಯಾಶ್ ಗುರುತನ್ನು ‘ಆಟೊ’ದಲ್ಲಿ ಬಿಡದೆ ‘ಆನ್’ ಮಾಡಿ ಒಂದು ಫೋಟೊ ತೆಗೆಯಿರಿ. ‘ಆಟೊ’ದಲ್ಲಿದ್ದರೆ ಬೆಳಕಿರುವ ಕೋಣೆಯಲ್ಲಿ ಫ್ಲ್ಯಾಶ್ ಮಿಂಚದಿರುವುದು ಸಹಜ, ಅದನ್ನು ಕೆಟ್ಟಿದೆ ಎಂದುಕೊಂಡು ಗಾಬರಿಯಾಗುವವರಿದ್ದಾರೆ. ಕೆಲವು ಫೋನುಗಳಲ್ಲಿ ಎಚ್‌ಡಿಆರ್ ಆನ್ ಇದ್ದರೂ ಫ್ಲ್ಯಾಶ್ ತಾನಾಗಿ ಆಫ್ ಆಗುತ್ತದೆ, ಅದನ್ನೂ ನೋಡಿಕೊಳ್ಳಿ. ನಂತರ ವಿಡಿಯೊ ಮೋಡ್‌ಗೆ ಹೋಗಿ ಅಲ್ಲಿಯೂ ಫ್ಲ್ಯಾಶ್ ಆನ್ ಮಾಡಿ. ವಿಡಿಯೊದಲ್ಲಿ ಅದೇ ದೀಪ ಟಾರ್ಚಿನಂತೆ ಸತತವಾಗಿ ಉರಿಯಬೇಕು.

ಎರಡೂ ಕಡೆ ಬೆಳಕು ಬಂದರೆ ನಿಶ್ಚಿಂತರಾಗಿ. ದೀಪವೂ ಅದಕ್ಕೆ ಕರೆಂಟ್ ಕೊಡುವ ಚಿಪ್ಪೂ ಸರಿಯಿವೆ, ತೊಂದರೆ ಸಾಫ್ಟ್‌ವೇರಿನಲ್ಲಿದೆ, ಬಹುಪಾಲು ಮನೆಯಲ್ಲೇ ಸರಿಹೋಗುತ್ತದೆ. ಎರಡೂ ಕಡೆ ಕತ್ತಲೆಯಾದರೆ ಅನುಮಾನ ಹಾರ್ಡ್‌ವೇರ್ ಕಡೆ ವಾಲುತ್ತದೆ. ಮೂರನೆಯ ಸಾಧ್ಯತೆಯೂ ಉಂಟು: ವಿಡಿಯೊದಲ್ಲಿ ಉರಿಯುತ್ತದೆ, ಆದರೆ ಫೋಟೊ ಕ್ಲಿಕ್ಕಿಸಿದ ಕ್ಷಣ ಫೋನೇ ಆಫ್ ಆಗುತ್ತದೆ. ಫೋಟೊದ ಮಿಂಚಿಗೆ ಕ್ಷಣಮಾತ್ರ ಬೇಕಾಗುವ ಕರೆಂಟು ಟಾರ್ಚಿಗೆ ಬೇಕಾಗುವುದಕ್ಕಿಂತ ಹಲವು ಪಟ್ಟು ಹೆಚ್ಚು. ಹಳತಾದ ಬ್ಯಾಟರಿ ಆ ಹೊರೆ ತಾಳಲಾರದೆ ಕುಸಿದುಬೀಳುತ್ತದೆ. ಪರದೆಯಲ್ಲಿ ಇನ್ನೂ 20–30 ಪರ್ಸೆಂಟ್ ಚಾರ್ಜ್ ತೋರಿಸುತ್ತಿದ್ದರೂ ಹೀಗಾಗಬಹುದು. ಅಂಥ ಫೋನಿಗೆ ಬೇಕಿರುವುದು ಹೊಸ ಬ್ಯಾಟರಿ, ಟಾರ್ಚ್ ರಿಪೇರಿಯಲ್ಲ.

ಮಂಕಾದ ಗುಂಡಿ

ಮೇಲಿನಿಂದ ಕೆಳಕ್ಕೆ ಎಳೆಯುವ ಕ್ವಿಕ್ ಸೆಟ್ಟಿಂಗ್ಸ್‌ನಲ್ಲಿ ಟಾರ್ಚ್ ಗುಂಡಿ ಮಂಕಾಗಿ, ಒತ್ತಿದರೂ ಸ್ಪಂದಿಸದಿದ್ದರೆ ಕ್ಯಾಮೆರಾವನ್ನು ಬೇರೆ ಯಾವುದೋ ಆಪ್ ಹಿಡಿದುಕೊಂಡಿದೆ ಎಂದೇ ಮೊದಲು ಊಹಿಸಿ. ಇದನ್ನು ಸಂಜೆ ಹೊತ್ತಿನ ತರಕಾರಿ ಗಾಡಿಯ ಮುಂದೆ ದಿನವೂ ನೋಡಬಹುದು. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಲು ಬೆಳಕು ಸಾಲದು. ಗ್ರಾಹಕರು ಮೊದಲು ಟಾರ್ಚ್ ಹಾಕುತ್ತಾರೆ, ಆಮೇಲೆ ಫೋನ್‌ಪೇ ಅಥವಾ ಗೂಗಲ್ ಪೇ ಸ್ಕ್ಯಾನರ್ ತೆರೆಯುತ್ತಾರೆ. ತೆರೆದ ಕೂಡಲೇ ಟಾರ್ಚ್ ಆರಿಹೋಗುತ್ತದೆ. ಮತ್ತೆ ಹಾಕಲು ಹೋದರೆ ಗುಂಡಿ ಸತ್ತಂತಿರುತ್ತದೆ. ಫೋನ್ ಕೆಟ್ಟಿಲ್ಲ. ಸ್ಕ್ಯಾನರ್ ತೆರೆದಾಗ ದೀಪದ ಹಿಡಿತ ಕ್ಯಾಮೆರಾಗೆ ಹೋಗಿರುತ್ತದೆ, ಅಷ್ಟೆ. ಅಂಥ ಆಪ್‌ಗಳ ಸ್ಕ್ಯಾನರ್ ಪರದೆಯಲ್ಲೇ ಒಂದು ಟಾರ್ಚ್ ಗುರುತು ಇರುತ್ತದೆ, ಅದನ್ನು ಒತ್ತಿದರೆ ಸಾಕು.

ವಾಟ್ಸ್ಆ್ಯಪ್ ವಿಡಿಯೊ ಕಾಲ್ ನಡೆಯುತ್ತಿರುವಾಗಲೂ ಅನೇಕ ಫೋನುಗಳಲ್ಲಿ ಇದೇ ಕಥೆ. ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್‌ನಂಥವು ಕೆಲವೊಮ್ಮೆ ಮುಚ್ಚಿದ ಮೇಲೂ ಕ್ಯಾಮೆರಾ ಬಿಟ್ಟುಕೊಡದೆ ಹಿಂದೆ ಕೂತಿರುತ್ತವೆ. ಆಂಡ್ರಾಯ್ಡ್ 12ರಿಂದೀಚೆಗಿನ ಫೋನುಗಳಲ್ಲಿ ಯಾವುದಾದರೂ ಆಪ್ ಕ್ಯಾಮೆರಾ ಬಳಸುತ್ತಿದ್ದರೆ ಪರದೆಯ ಬಲಮೇಲ್ತುದಿಯಲ್ಲಿ ಹಸಿರು ಗುರುತು ಕಾಣುತ್ತದೆ. ಐಫೋನಿನಲ್ಲೂ ಹಸಿರು ಚುಕ್ಕೆ ಬರುತ್ತದೆ. ಹಸಿರು ಕಂಡರೆ ಇತ್ತೀಚೆಗೆ ತೆರೆದ ಆಪ್‌ಗಳನ್ನೆಲ್ಲ ಮೇಲಕ್ಕೆ ತಳ್ಳಿ ಮುಚ್ಚಿ. ಆಗಲೂ ಬಗೆಹರಿಯದಿದ್ದರೆ ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಆಪ್ಸ್, ಕ್ಯಾಮೆರಾ ಎಂದು ಹೋಗಿ ‘ಫೋರ್ಸ್ ಸ್ಟಾಪ್’ ಒತ್ತಿ. ಅಲ್ಲೇ ಸ್ಟೋರೇಜ್ ಒಳಗಿರುವ ‘ಕ್ಲಿಯರ್ ಕ್ಯಾಶ್’ ಕೂಡ ಒತ್ತಬಹುದು. ಫೋಟೊಗಳು ಅಳಿಸಿಹೋಗುತ್ತವೆ ಎಂಬ ಭಯ ಬೇಡ. ‘ಕ್ಲಿಯರ್ ಡೇಟಾ’ ಒತ್ತಿದರೂ ಹೋಗುವುದು ಕ್ಯಾಮೆರಾ ಆಪ್‌ನ ಸೆಟ್ಟಿಂಗ್‌ಗಳು ಮಾತ್ರ, ತೆಗೆದ ಫೋಟೊಗಳು ಗ್ಯಾಲರಿಯಲ್ಲೇ ಇರುತ್ತವೆ.

ಇನ್ನೊಂದು ಕಾರಣ ಚಾರ್ಜ್ ಮತ್ತು ಶಾಖ. ಬ್ಯಾಟರಿ ತೀರಾ ಇಳಿದಾಗ ಫ್ಲ್ಯಾಶನ್ನೇ ತಡೆಹಿಡಿಯುವಂತೆ ಹಲವು ಕಂಪನಿಗಳು ಫೋನನ್ನು ರೂಪಿಸಿವೆ. ಯಾವ ಮಟ್ಟಕ್ಕೆ ಇಳಿದಾಗ ಎಂಬುದು ಮಾಡೆಲಿನಿಂದ ಮಾಡೆಲಿಗೆ ಬೇರೆ. ಕೊನೆಯ ಚಾರ್ಜು ಕರೆ ಮಾಡುವುದಕ್ಕೆ ಉಳಿಯಲಿ ಎಂಬುದು ಅದರ ಹಿಂದಿನ ಲೆಕ್ಕ, ನನಗದು ನ್ಯಾಯವಾಗಿಯೇ ಕಾಣುತ್ತದೆ. ಚಾರ್ಜರ್‌ಗೆ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿ. ಅಲ್ಟ್ರಾ ಪವರ್ ಸೇವಿಂಗ್‌ನಂಥ ಮೋಡ್ ಆನ್ ಇದ್ದರೆ ಅದನ್ನು ಆಫ್ ಮಾಡಿ.

ಶಾಖದ ವಿಷಯಕ್ಕೆ ಬಂದರೆ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿಕೊಂಡು ಮ್ಯಾಪ್ ನೋಡುತ್ತ ಬಂದ ಫೋನಿನಲ್ಲಿ ಟಾರ್ಚ್ ಹಾಕಲು ಹೋದರೆ ಅದು ಒಪ್ಪದಿರುವುದು ಆಶ್ಚರ್ಯವಲ್ಲ. ಆ್ಯಪಲ್ ತನ್ನ ಐಫೋನನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ನಡುವಿನ ವಾತಾವರಣದಲ್ಲಿ ಬಳಸಿ ಎನ್ನುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳು ಆ ಗಡಿಯನ್ನು ಸಲೀಸಾಗಿ ದಾಟುತ್ತವೆ. ಎಲ್‌ಇಡಿ ತಾನೂ ಬಿಸಿಯಾಗುತ್ತದೆ, ಪಕ್ಕದ ಕ್ಯಾಮೆರಾವನ್ನೂ ಬಿಸಿ ಮಾಡುತ್ತದೆ. ಹಾಗಾಗಿ ಕಾವು ಏರಿದಾಗ ಫೋನೇ ಬೆಳಕು ತಗ್ಗಿಸುತ್ತದೆ ಇಲ್ಲವೇ ಆರಿಸುತ್ತದೆ. ಕವರ್ ತೆಗೆದು ನೆರಳಿನಲ್ಲಿ, ಫ್ಯಾನ್ ಕೆಳಗೆ ಇಡಿ. ಬೇಗ ತಣ್ಣಗಾಗಲಿ ಎಂದು ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ಒಳಗೆ ನೀರಿನ ಹನಿ ಕಟ್ಟಿ ಬೇರೆ ತೊಂದರೆ ಶುರುವಾಗುತ್ತದೆ.

ಕೆಲವೊಮ್ಮೆ ಗುಂಡಿ ಮಂಕಾಗಿರುವುದಲ್ಲ, ಇರುವುದೇ ಇಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೋ, ಮಕ್ಕಳ ಕೈಗೆ ಫೋನ್ ಕೊಟ್ಟ ಮೇಲೋ ಹೀಗಾಗುತ್ತದೆ. ಆಂಡ್ರಾಯ್ಡ್‌ನಲ್ಲಿ ಕ್ವಿಕ್ ಸೆಟ್ಟಿಂಗ್ಸ್ ಪೂರ್ತಿ ಎಳೆದು ಪೆನ್ಸಿಲ್ ಗುರುತನ್ನೋ ‘ಎಡಿಟ್’ ಎಂಬುದನ್ನೋ ಒತ್ತಿದರೆ ಬಿಟ್ಟುಹೋದ ಗುಂಡಿಗಳೆಲ್ಲ ಕೆಳಗೆ ಸಿಗುತ್ತವೆ, ಟಾರ್ಚನ್ನು ಹಿಡಿದು ಮೇಲಕ್ಕೆ ಎಳೆದುಕೊಳ್ಳಿ. ಐಫೋನಿನಲ್ಲಿ ಇದೇ ಕೆಲಸ ಕಂಟ್ರೋಲ್ ಸೆಂಟರ್‌ನಲ್ಲಿ. ಐಫೋನಿನ ಲಾಕ್ ಸ್ಕ್ರೀನ್ ಮೇಲಿರುವ ಟಾರ್ಚ್ ಗುರುತು ಬರಿದೇ ತಟ್ಟಿದರೆ ಹೊತ್ತಿಕೊಳ್ಳುವುದಿಲ್ಲ, ತುಸು ಒತ್ತಿಹಿಡಿಯಬೇಕು. ಹೊಸದಾಗಿ ಐಫೋನ್ ಕೊಂಡವರ ಹಲವು ದೂರುಗಳು ಇಲ್ಲಿಗೇ ಮುಗಿಯುತ್ತವೆ.

ರೀಸ್ಟಾರ್ಟ್ ಮೊದಲು, ರೀಸೆಟ್ ಕೊನೆಗೆ

ಇಷ್ಟಾದರೂ ಟಾರ್ಚ್ ಉರಿಯದಿದ್ದರೆ ಫೋನನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಸಿಕ್ಕಿಹಾಕಿಕೊಂಡ ಕ್ಯಾಮೆರಾ ವ್ಯವಸ್ಥೆ ಹೊಸದಾಗಿ ಶುರುವಾಗುವುದರಿಂದ ಬಹಳಷ್ಟು ಟಾರ್ಚುಗಳು ಇಲ್ಲೇ ಸರಿಹೋಗುತ್ತವೆ. ಪರದೆಯೇ ಸ್ಪಂದಿಸದಿದ್ದರೆ ಬಲವಂತದ ರೀಸ್ಟಾರ್ಟ್ ಇದೆ. ಸ್ಯಾಮ್‌ಸಂಗ್ ಫೋನುಗಳಲ್ಲಿ ಪವರ್ ಗುಂಡಿಯನ್ನೂ ವಾಲ್ಯೂಮ್ ಕಡಿಮೆ ಮಾಡುವ ಗುಂಡಿಯನ್ನೂ ಒಟ್ಟಿಗೆ, ಲೋಗೊ ಬರುವ ತನಕ ಒತ್ತಿಹಿಡಿಯಿರಿ. ಐಫೋನ್ 8 ಮತ್ತು ಅದರ ನಂತರದವುಗಳಲ್ಲಿ ವಾಲ್ಯೂಮ್ ಏರಿಸುವ ಗುಂಡಿ ಒತ್ತಿಬಿಟ್ಟು, ಇಳಿಸುವ ಗುಂಡಿ ಒತ್ತಿಬಿಟ್ಟು, ಬಳಿಕ ಪಕ್ಕದ ಗುಂಡಿಯನ್ನು ಸೇಬಿನ ಗುರುತು ಬರುವವರೆಗೆ ಹಿಡಿಯಿರಿ.

ರೀಸ್ಟಾರ್ಟ್ ಆದ ಮೇಲೆ ಸ್ವಲ್ಪ ಹೊತ್ತು ಸರಿಯಿದ್ದು ಮತ್ತೆ ಕೈಕೊಟ್ಟರೆ ಯಾವುದೋ ಆಪ್ ಮೇಲೆ ಸಂಶಯಪಡಬೇಕು. ಆಂಡ್ರಾಯ್ಡ್‌ನ ಸೇಫ್ ಮೋಡ್ ಇರುವುದು ಇಂಥದ್ದಕ್ಕೇ. ಬಹಳಷ್ಟು ಫೋನುಗಳಲ್ಲಿ ಪವರ್ ಮೆನು ತೆರೆದು ‘ಪವರ್ ಆಫ್’ ಎಂಬುದನ್ನು ಒತ್ತಿಹಿಡಿದರೆ ಸೇಫ್ ಮೋಡ್ ಬೇಕೇ ಎಂದು ಕೇಳುತ್ತದೆ. ಅದರಲ್ಲಿ ನೀವು ಹಾಕಿಕೊಂಡ ಆಪ್‌ಗಳು ಓಡುವುದಿಲ್ಲ. ಅಲ್ಲಿ ಟಾರ್ಚ್ ಸರಾಗವಾಗಿ ಉರಿದರೆ ಕಳ್ಳ ಸಿಕ್ಕಂತೆ. ಮಾಮೂಲಿ ಮೋಡ್‌ಗೆ ಮರಳಿ, ಇತ್ತೀಚೆಗೆ ಹಾಕಿಕೊಂಡ ಆಪ್‌ಗಳನ್ನು ಒಂದೊಂದಾಗಿ ತೆಗೆಯುತ್ತ ಬನ್ನಿ.

ಮೊದಲು ತೆಗೆಯಬೇಕಾದ್ದು ಟಾರ್ಚ್ ಹೆಸರಿನ ಆಪ್‌ಗಳನ್ನೇ. ಫೋನಿನಲ್ಲೇ ಟಾರ್ಚ್ ಇಲ್ಲದ ಕಾಲದಲ್ಲಿ ಅವು ಬೇಕಿದ್ದವು. ಐಫೋನಿಗೆ 2013ರ ಐಒಎಸ್ 7ರಲ್ಲಿ, ಆಂಡ್ರಾಯ್ಡ್‌ಗೆ 2014ರ ಲಾಲಿಪಾಪ್ ಆವೃತ್ತಿಯಲ್ಲಿ ಟಾರ್ಚ್ ಗುಂಡಿ ಬಂದ ಮೇಲೆ ಅವುಗಳ ಕೆಲಸ ಮುಗಿಯಿತು. ಆದರೂ ಜನ ಡೌನ್‌ಲೋಡ್ ಮಾಡುತ್ತಲೇ ಇದ್ದಾರೆ. ‘ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್’ ಎಂಬ ಜನಪ್ರಿಯ ಆಪ್ ಬಳಕೆದಾರರು ಎಲ್ಲಿದ್ದಾರೆಂಬ ಮಾಹಿತಿಯನ್ನು ಅವರಿಗೆ ತಿಳಿಸದೆ ಜಾಹೀರಾತು ಜಾಲಗಳಿಗೆ ರವಾನಿಸುತ್ತಿತ್ತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ ಕ್ರಮ ಕೈಗೊಂಡಿತ್ತು. ದೀಪ ಹಚ್ಚಲು ನಿಮ್ಮ ಲೊಕೇಷನ್ ಬೇಕಿಲ್ಲ, ಕಾಂಟ್ಯಾಕ್ಟ್ಸ್ ಬೇಕಿಲ್ಲ, ಮೈಕ್ ಬೇಕಿಲ್ಲ. ಇವನ್ನು ಕೇಳುವ ಟಾರ್ಚ್ ಆಪ್ ನಿಮ್ಮ ಫೋನಿನಲ್ಲಿದ್ದರೆ ಈ ಲೇಖನ ಓದಿ ಮುಗಿಸುವ ಮೊದಲೇ ತೆಗೆದುಹಾಕಿ.

ಸಾಫ್ಟ್‌ವೇರ್ ಅಪ್‌ಡೇಟ್ ಬಾಕಿ ಇದ್ದರೆ ಹಾಕಿಕೊಳ್ಳಿ. ಫ್ಯಾಕ್ಟರಿ ರೀಸೆಟ್ ಮಾತ್ರ ಎಲ್ಲಕ್ಕಿಂತ ಕೊನೆಯದು. ಅದರಿಂದ ಫೋನ್ ಪೂರ್ತಿ ಖಾಲಿಯಾಗುತ್ತದೆ. ವಾಟ್ಸ್ಆ್ಯಪ್ ಬ್ಯಾಕಪ್ ಇರದಿದ್ದರೆ ಮಾತುಕತೆಗಳೆಲ್ಲ ಹೋದವೆಂದೇ ಲೆಕ್ಕ. ಯುಪಿಐ, ಬ್ಯಾಂಕ್ ಆಪ್‌ಗಳನ್ನು ಮತ್ತೆ ಸಿಮ್ ಮೂಲಕ ನೋಂದಾಯಿಸಬೇಕು. ಕ್ಯಾಮೆರಾದ ಫ್ಲ್ಯಾಶೂ ಟಾರ್ಚೂ ಎರಡೂ ಸತ್ತಿರುವ ಫೋನಿನಲ್ಲಿ ರೀಸೆಟ್‌ನಿಂದ ದೀಪ ಹೊತ್ತುವ ಸಂಭವ ಬಹಳ ಕಡಿಮೆ. ಹಾಗಿರುವಾಗ ಟಾರ್ಚಿಗಾಗಿ ‘ಸಾಫ್ಟ್‌ವೇರ್ ಹೊಡೆಸುವ’ ಆತುರ ನನಗೆ ಸರಿ ಎನಿಸುವುದಿಲ್ಲ.

ಬೆಳಕು ಬರುತ್ತದೆ, ಆದರೆ...

ಉರಿಯುತ್ತದೆ, ಮೊದಲಿನಷ್ಟು ಬೆಳಕಿಲ್ಲ ಎನ್ನುವವರು ಮೊದಲು ಬ್ರೈಟ್‌ನೆಸ್ ನೋಡಿಕೊಳ್ಳಿ. ಐಫೋನಿನಲ್ಲೂ ಹಲವು ಆಂಡ್ರಾಯ್ಡ್ ಫೋನುಗಳಲ್ಲೂ ಟಾರ್ಚ್ ಗುಂಡಿಯನ್ನು ಒತ್ತಿಹಿಡಿದರೆ ಬೆಳಕಿನ ಮಟ್ಟ ಏರಿಳಿಸುವ ಪಟ್ಟಿ ಬರುತ್ತದೆ. ಅದು ಕೆಳಮಟ್ಟದಲ್ಲೇ ನಿಂತಿರಬಹುದು.

ಮಟ್ಟ ಸರಿಯಿದ್ದರೆ ಟಾರ್ಚ್ ಆರಿಸಿ, ಕವರ್ ಬಿಚ್ಚಿ, ಕ್ಯಾಮೆರಾ ಪಕ್ಕದ ಆ ಗುಂಡು ಕಿಂಡಿಯನ್ನು ಹಗಲು ಬೆಳಕಿಗೆ ಹಿಡಿದು ನೋಡಿ. ಇನ್ನೊಂದು ಫೋನಿನ ಕ್ಯಾಮೆರಾವನ್ನು ಜೂಮ್ ಮಾಡಿ ನೋಡಿದರೆ ಇನ್ನೂ ಒಳ್ಳೆಯದು. ಒಳಗೆ ಪುಟ್ಟ ಹಳದಿ ಚೌಕವೊಂದು ಕಾಣುತ್ತದೆ. ಬಿಳಿ ಬೆಳಕು ಕೊಡುವುದು ಹಳದಿಯಾಗಿ ಏಕಿದೆ ಎಂದು ಅಚ್ಚರಿಯಾಗಬಹುದು. ಅಲ್ಲಿರುವುದು ವಾಸ್ತವದಲ್ಲಿ ನೀಲಿ ಎಲ್‌ಇಡಿ. ಅದರ ಮೇಲಿನ ಹಳದಿ ಲೇಪ ನೀಲಿ ಬೆಳಕಿನ ಒಂದು ಪಾಲನ್ನು ಹಳದಿಯಾಗಿಸುತ್ತದೆ, ಎರಡೂ ಬೆರೆತು ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಆ ನೀಲಿ ಎಲ್‌ಇಡಿಗಾಗಿ ಇಸಾಮು ಅಕಸಾಕಿ, ಹಿರೋಷಿ ಅಮಾನೊ, ಶುಜಿ ನಕಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಸಂದಿತು. ನಿಮ್ಮ ಫೋನಿನ ಚೌಕ ಒಂದೇ ಸಮ ಹಳದಿಯಾಗಿದ್ದರೆ ಒಳ್ಳೆಯ ಲಕ್ಷಣ. ನಡುವೆ ಕಪ್ಪು ಚುಕ್ಕೆ, ಸುಟ್ಟ ಕಲೆ ಕಂಡರೆ ಎಲ್‌ಇಡಿಯೇ ಬೆಂದಿರುವ ಸಾಧ್ಯತೆ ಹೆಚ್ಚು. ಎರಡು ಚೌಕಗಳಿರುವ ಫೋನುಗಳೂ ಇವೆ. ಒಂದು ಬಿಳಿಯ, ಇನ್ನೊಂದು ತುಸು ಕೆಂಪು ಛಾಯೆಯ ಬೆಳಕು ಕೊಟ್ಟು ಫೋಟೊದಲ್ಲಿ ಮುಖದ ಬಣ್ಣ ಸಹಜವಾಗಿ ಬರುವಂತೆ ಮಾಡುತ್ತವೆ. ಅದರಲ್ಲೊಂದು ಹೋದರೆ ಬೆಳಕು ಅರ್ಧಕ್ಕಿಳಿದು ಬಣ್ಣವೂ ಬದಲಾದಂತೆ ಕಾಣುತ್ತದೆ.

ಹೆಚ್ಚಿನ ಸಲ ಕಾಣಸಿಗುವುದು ಇಷ್ಟು ದೊಡ್ಡ ಸಮಾಚಾರವಲ್ಲ, ಬರೀ ಕೊಳೆ. ಬೆವರು, ಅಡುಗೆಮನೆಯ ಎಣ್ಣೆಜಿಡ್ಡು, ಹೊಲದ ಮಣ್ಣಿನ ಪುಡಿ ಸೇರಿ ಕವರಿನ ಅಂಚಿನಲ್ಲಿ ಮೆತ್ತಿಕೊಂಡಿರುತ್ತದೆ. ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿ. ಜಿಡ್ಡು ಬಿಡದಿದ್ದರೆ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದೆರಡು ಹನಿ ಹಾಕಿಕೊಳ್ಳಿ, ಫೋನಿನ ಮೇಲೆ ನೇರವಾಗಿ ಸುರಿಯಬೇಡಿ. ಪಿನ್ನು, ಸೂಜಿ ಹಾಕಿ ಕೆರೆಯಲೇಬೇಡಿ. ಕವರಿನ ತೂತು ಫ್ಲ್ಯಾಶಿಗೆ ಸರಿಯಾಗಿ ಕೂತಿದೆಯೇ, ಕ್ಯಾಮೆರಾ ಮೇಲೆ ಅಂಟಿಸಿದ ಗಾಜು ಫ್ಲ್ಯಾಶನ್ನೂ ಮುಚ್ಚಿದೆಯೇ ಎಂದೂ ನೋಡಿ. ಹಾಗೆ ಮುಚ್ಚಿದ್ದರೆ ಬೆಳಕು ಗಾಜಿನೊಳಗೇ ಹರಡಿ ಕ್ಯಾಮೆರಾಗೆ ನುಗ್ಗುತ್ತದೆ, ರಾತ್ರಿ ಫೋಟೊಗಳೆಲ್ಲ ಮಂಜು ಕವಿದಂತೆ ಬರುತ್ತವೆ.

ಟಾರ್ಚ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ ಎಂಬ ದೂರೂ ಉಂಟು. ಮೊಟೊರೊಲಾ ಫೋನನ್ನು ಕೈಯಲ್ಲಿ ಹಿಡಿದು ಎರಡು ಸಲ ಜೋರಾಗಿ ಬೀಸಿದರೆ ಟಾರ್ಚ್ ಹೊತ್ತುತ್ತದೆ. ಐಫೋನಿನಲ್ಲಿ ಬೆನ್ನು ತಟ್ಟಿದರೆ ಹೊತ್ತುವಂತೆ ಹೊಂದಿಸಬಹುದು. ಸೆಟ್ಟಿಂಗ್ಸ್‌ನಲ್ಲಿ ಇಂಥವನ್ನು ಆಫ್ ಮಾಡಿದರೆ ಜೇಬಿನೊಳಗಿನ ಬೆಳಕೂ ನಿಲ್ಲುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ಕರೆ ಬಂದಾಗ ಫ್ಲ್ಯಾಶ್ ಮಿನುಗುತ್ತಿದ್ದರೆ ಅದು ದೋಷವಲ್ಲ. ಕಿವಿ ಕೇಳಿಸದವರಿಗೆ ಕರೆ ಬಂದದ್ದು ತಿಳಿಯಲಿ ಎಂದು ಮಾಡಿರುವ ಒಳ್ಳೆಯ ಸೌಲಭ್ಯ ಅದು. ನಿಮಗೆ ಬೇಡದಿದ್ದರೆ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ಆಫ್ ಮಾಡಿ.

ಅಂಗಡಿಗೆ ಹೋಗುವ ಮುನ್ನ

ಫೋನ್ ಬಿದ್ದ ಮೇಲೆ, ನೀರು ಕುಡಿದ ಮೇಲೆ, ಅಥವಾ ಬ್ಯಾಟರಿ ಇಲ್ಲವೇ ಡಿಸ್‌ಪ್ಲೇ ಬದಲಿಸಿದ ಮೇಲೆ ಟಾರ್ಚ್ ಹೋಗಿದ್ದರೆ ಹಾರ್ಡ್‌ವೇರೇ ಕಾರಣ ಎಂದುಕೊಳ್ಳಬಹುದು. ಮೂರನೆಯದ್ದನ್ನು ವಿಶೇಷವಾಗಿ ಗಮನಿಸಿ. ಹಲವು ಐಫೋನುಗಳಲ್ಲಿ ಫ್ಲ್ಯಾಶ್, ಪಕ್ಕದ ಪವರ್ ಗುಂಡಿ, ಹಿಂಬದಿಯ ಮೈಕ್ ಮೂರೂ ಒಂದೇ ತೆಳು ಪಟ್ಟಿಯ ಕೇಬಲ್ ಮೇಲಿರುತ್ತವೆ. ಮೆಕ್ಯಾನಿಕ್‌ಗಳು ಇದನ್ನು ಫ್ಲೆಕ್ಸ್ ಎನ್ನುತ್ತಾರೆ. ಹಿಂದಿನ ಕ್ಯಾಮೆರಾದಲ್ಲಿ ಒಂದು ವಿಡಿಯೊ ಮಾಡಿ ಕೇಳಿ. ಫ್ಲ್ಯಾಶ್ ಜೊತೆಗೆ ಧ್ವನಿಯೂ ಹೋಗಿದ್ದರೆ, ಪವರ್ ಗುಂಡಿಯೂ ತಕರಾರು ಮಾಡುತ್ತಿದ್ದರೆ, ಆ ಫ್ಲೆಕ್ಸ್ ಹರಿದಿದೆ ಅಥವಾ ಕನೆಕ್ಟರ್ ಸರಿಯಾಗಿ ಕೂತಿಲ್ಲ. ಹಿಂದೆ ಫೋನ್ ಬಿಚ್ಚಿದವರ ಬಳಿಗೇ ಹೋಗಿ ಇದನ್ನು ಹೇಳಿ. ಸಡಿಲ ಕನೆಕ್ಟರ್ ಒತ್ತಿ ಕೂರಿಸುವುದು ಚಿಟಿಕೆಯ ಕೆಲಸ, ಅದಕ್ಕೆ ಹೊಸ ಬಿಲ್ ಕೊಡಬೇಕಾದ ಅಗತ್ಯವಿಲ್ಲ.

ನೆನೆದ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ. ಅಕ್ಕಿಯ ಪುಡಿ ಒಳಗೆ ಸೇರುತ್ತದೆ ಎಂದು ಆ್ಯಪಲ್ ಕಂಪನಿಯೇ ಎಚ್ಚರಿಸಿದೆ. ಆಫ್ ಮಾಡಿ, ಗಾಳಿಯಾಡುವ ಕಡೆ ಒಣಗಲು ಬಿಡಿ, ಚಾರ್ಜ್‌ಗೆ ಹಾಕಬೇಡಿ.

ಶವೊಮಿ, ರೆಡ್‌ಮಿ, ಪೊಕೊ ಫೋನಿದ್ದವರು ಡಯಲರ್‌ನಲ್ಲಿ *#*#6484#*#* ಒತ್ತಿದರೆ ಕಂಪನಿಯದೇ ಹಾರ್ಡ್‌ವೇರ್ ಪರೀಕ್ಷೆಯ ಮೆನು ತೆರೆದುಕೊಳ್ಳುತ್ತದೆ, ಅಲ್ಲಿ ಫ್ಲ್ಯಾಶ್ ಪರೀಕ್ಷೆಯನ್ನು ಮಾತ್ರ ಮಾಡಿ ಹೊರಬನ್ನಿ. ಸ್ಯಾಮ್‌ಸಂಗ್‌ನವರಿಗೆ ಸ್ಯಾಮ್‌ಸಂಗ್ ಮೆಂಬರ್ಸ್ ಆಪ್‌ನಲ್ಲಿ ಡಯಾಗ್ನಾಸ್ಟಿಕ್ಸ್ ಇದೆ.

ವಾರಂಟಿ ಇನ್ನೂ ಇದ್ದರೆ ಹೊರಗೆ ಬಿಚ್ಚಿಸದೆ ಕಂಪನಿಯ ಸರ್ವೀಸ್ ಸೆಂಟರ್‌ಗೇ ಕೊಡಿ. ವಾರಂಟಿ ಮುಗಿದಿದ್ದರೆ ಬೆಂಗಳೂರಿನವರಿಗೆ ಎಸ್‌ಪಿ ರೋಡ್, ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್ ಇದ್ದೇ ಇವೆ, ಬೇರೆ ಊರುಗಳಲ್ಲೂ ಕೈ ಪಳಗಿದ ಮೆಕ್ಯಾನಿಕ್‌ಗಳಿದ್ದಾರೆ. ಎಲ್ಲಿ ಕೊಟ್ಟರೂ ಜಾಬ್ ಶೀಟ್ ಬರೆಸಿಕೊಳ್ಳಿ. *#06# ಒತ್ತಿದರೆ ಬರುವ ಐಎಂಇಐ ನಂಬರ್, ಫೋನಿನ ಸ್ಥಿತಿ, ಅಂದಾಜು ಖರ್ಚು ಅದರಲ್ಲಿರಲಿ. ಲಾಕ್ ಪ್ಯಾಟರ್ನ್ ಚೀಟಿಯಲ್ಲಿ ಬರೆದುಕೊಡುವ ಅಭ್ಯಾಸ ಬಿಡಿ. ಸ್ಯಾಮ್‌ಸಂಗ್‌ನಲ್ಲಿ ‘ಮೇಂಟೆನೆನ್ಸ್ ಮೋಡ್’, ಗೂಗಲ್ ಪಿಕ್ಸೆಲ್‌ನಲ್ಲಿ ‘ರಿಪೇರ್ ಮೋಡ್’ ಆನ್ ಮಾಡಿಕೊಟ್ಟರೆ ಮೆಕ್ಯಾನಿಕ್ ಫೋನ್ ಪರೀಕ್ಷಿಸಬಹುದು, ನಿಮ್ಮ ಫೋಟೊ, ಮೆಸೇಜುಗಳು ಕಾಣುವುದಿಲ್ಲ. ಸೇವೆಯಲ್ಲಿ ಅನ್ಯಾಯವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು.

ಅಂಗಡಿಯವರನ್ನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ನನ್ನ ಫೋನಿನಲ್ಲಿ ಫ್ಲ್ಯಾಶ್ ಫ್ಲೆಕ್ಸ್ ಮೇಲಿದೆಯೋ, ಬೋರ್ಡಿನ ಮೇಲೇ ಬೆಸುಗೆ ಹಾಕಿದ್ದಾರೋ? ಫ್ಲೆಕ್ಸ್ ಅಥವಾ ಸಣ್ಣ ಸಬ್‌ಬೋರ್ಡ್ ಮೇಲಿದ್ದರೆ ಬದಲಿಸುವುದು ಸುಲಭ, ಮಾಡಿಸಿಕೊಳ್ಳಿ. ಎಲ್‌ಇಡಿ ಮುಖ್ಯ ಬೋರ್ಡಿನ ಮೇಲಿದ್ದರೆ, ಅಥವಾ ಅದಕ್ಕೆ ಕರೆಂಟ್ ಕೊಡುವ ಐಸಿ ಹೋಗಿದ್ದರೆ, ಬಿಸಿಗಾಳಿ ಹಿಡಿದು ಬೋರ್ಡನ್ನೇ ಕಾಯಿಸಬೇಕಾಗುತ್ತದೆ. ಕೈ ತುಸು ತಪ್ಪಿದರೂ ಇಡೀ ಫೋನ್ ಹೋಗಬಹುದು. ವಾರಂಟಿ ಮುಗಿದ, ಉಳಿದೆಲ್ಲ ಸರಿಯಿರುವ ಹಳೆಯ ಫೋನಿಗೆ ಬರೀ ಟಾರ್ಚಿಗಾಗಿ ಆ ಅಪಾಯ ಬೇಡ. ಚಾರ್ಜ್ ಮಾಡುವ ಒಂದು ಕೈಟಾರ್ಚ್ ಕೊಳ್ಳಿ. ರಾತ್ರಿ ಹೊಲಕ್ಕೆ ಹೋಗುವವರಂತೂ ಫೋನ್ ಟಾರ್ಚ್ ಸರಿಯಿದ್ದರೂ ಕೈಟಾರ್ಚ್ ಇಟ್ಟುಕೊಳ್ಳಿ. ಅದರ ಬೆಳಕು ಫೋನಿಗಿಂತ ದೂರ ಬೀಳುತ್ತದೆ, ಅಪಾಯದ ಹೊತ್ತಿನಲ್ಲಿ ಕರೆ ಮಾಡಲು ಫೋನಿನ ಚಾರ್ಜೂ ಉಳಿದಿರುತ್ತದೆ.